ಬೆನ್ನ ಮೇಲಿನ ಪಿಟೀಲು

ಅತ್ತೆಯವರಿಗೆ ನಮಸ್ಕಾರ.

ನಾನೂ ನಿಮ್ಮ ಮಗನೂ ಬೇರೆಯಾದ ಮೇಲೆ ನಿಮಗೆ ಬರೆಯುತ್ತಿರುವುದು ಇದೇ ಮೊದಲು. ಮನೆ ಎರಡಾದರೂ ನಾಟಕ ಒಂದೇ ಉಳಿದಿತ್ತು. ಯಾವ ತಂಡದ ಸಂಬಳದವರೂ ಅಲ್ಲದ ನಾವು ಒಪ್ಪಿಕೊಂಡ ಪ್ರದರ್ಶನಗಳನ್ನು ಬಿಡುವಂತಿರಲಿಲ್ಲ. ಆ ನಾಟಕದಲ್ಲಿ ಅವರು ನನ್ನನ್ನು ಬೆನ್ನ ಮೇಲೆ ಹೊತ್ತು ರಂಗವನ್ನೆಲ್ಲ ಸುತ್ತುತ್ತಾರೆ, ನಾನು ಪಿಟೀಲು ನುಡಿಸುತ್ತೇನೆ. ರಂಗದಿಂದ ಇಳಿದರೆ ಅವರ ದಾರಿ ಅವರಿಗೆ, ನನ್ನ ದಾರಿ ನನಗೆ.

ಹೋದ ವಾರ ಅವರ ಮೊಣಕಾಲು ಕೈಕೊಟ್ಟಿತು, ಇಬ್ಬರೂ ಬಿದ್ದೆವು. ಅದೂ ನಾಟಕವೇ ಎಂದುಕೊಂಡು ಜನ ಚಪ್ಪಾಳೆ ತಟ್ಟಿದರು.

"ಪಿಟೀಲು ಒಡೀತಾ?" ಎಂದು ನಿಮ್ಮ ಮಗ ಪಿಸುಗುಟ್ಟಿದರು.

"ಇಲ್ಲ."

"ಹಾಗಾದ್ರೆ ನಿಲ್ಲಿಸ್ಬೇಡ."

ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೊನೆಯವರೆಗೂ ನುಡಿಸಿದೆ.

ಕಾಲಿಗೆ ಆಪರೇಷನ್ ಆಗಿದೆ. "ಅಮ್ಮನಿಗೆ ಮಾತ್ರ ಹೇಳ್ಬೇಡ" ಎಂದಿದ್ದಾರೆ. ಅವರ ಕೋಣೆ ಮೂರನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಊಟ ನಾನೇ ಒಯ್ಯುತ್ತಿದ್ದೇನೆ. ಆದರೆ ಸ್ನಾನಕ್ಕೆ ಏಳಿಸಲು ಹೋದರೆ ಹೊಸಬಳನ್ನು ಕಂಡಂತೆ ನಾಚುತ್ತಾರೆ. ಆದ್ದರಿಂದ ನೀವು ಬರಬೇಕು. ಮಾವನವರ ಊರುಗೋಲು ಇದ್ದರೆ ತನ್ನಿ. ನಾವು ಮತ್ತೆ ಒಂದಾದೆವೆಂದು ನೆಂಟರಿಗೆ ಹೇಳಬೇಡಿ, ಆಗಿಲ್ಲ.

ನೀವು ಬಂದ ಮೇಲೆ ನಾನು ಬರುವುದಿಲ್ಲ. ನಾನೆಲ್ಲಿ ಎಂದು ಅವರು ಕೇಳಿದರೆ ಹೇಳಿ ಕಳುಹಿಸಿ. ಕೇಳದಿದ್ದರೂ, ಕಾಲು ಹೇಗಿದೆಯೆಂದು ಒಂದು ಸಾಲು ಬರೆಯಿರಿ.

ಇಂತಿ,
ಈ ನಂಟಿಗೆ ಬೇರೆ ಹೆಸರು ಸಿಗುವವರೆಗೆ ನಿಮ್ಮ ಸೊಸೆ