ಪರ್ನೊ ನೆಡುತ್ತಿದ್ದ ಗದ್ದೆ

3 ನವೆಂಬರ್ 2014, ಸೋಮವಾರ. ಮಧ್ಯಾಹ್ನ 2

ಅರಬ್ಬರ ಬಿಳಿ ನಿಲುವಂಗಿ ಕಂದೂರ ಹದಿನೆಂಟು, ಹೆಂಗಸರ ಕರಿ ಅಬಾಯ ಆರು, ಒಂದು ಕರ್ಟನ್. ಕರ್ಟನ್ ಹೆಣದ ಹಾಗೆ ಭಾರ. ವ್ಯಾನಿನ ಎ.ಸಿ. ಮತ್ತೆ ಕೈಕೊಟ್ಟಿದೆ. ಅತಾಉರ್ರಹ್ಮಾನ್ ಸಾಹೇಬರಿಗೆ ಹೇಳಿದರೆ, "ಕಿಟಕಿ ಉಂಟಲ್ಲ ಲಿಡ್ವಿನ್" ಅಂದರು. ಭಟ್ಕಳದವರು. ಲಾಂಡ್ರಿ ಅವರದು, ಕಿಟಕಿ ನನ್ನದು.

ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಡೆಲಿವರಿ ಸೋಮವಾರ ಮತ್ತು ಗುರುವಾರ. ವಾರದಲ್ಲಿ ನನಗೆ ಇರುವುದು ಆ ಎರಡೇ ದಿನ.

ನೀಲಿ ಗೇಟಿನ ವಿಲ್ಲಾ. ಹಿಂದಿನ ಬಾಗಿಲಿಗೆ ವಾರ್ಸಿನಿ ಬಂದಳು. ಆ ಮನೆಯ ಕೆಲಸದವಳು, ಇಂಡೋನೇಷ್ಯಾದ ಜಾವಾದವಳು. ಫೋನ್ ಇಟ್ಟುಕೊಳ್ಳಲು ಮೇಡಂ ಬಿಡುವುದಿಲ್ಲ. ಹಾಗಾಗಿ ಅವಳ ಊರು ನನ್ನ ಫೋನಿಗೆ ಬರುತ್ತದೆ. ನಾನು ಬಟ್ಟೆ ಎಣಿಸುವಷ್ಟು ಹೊತ್ತು ಫೋನ್ ಅವಳ ಕೈಯಲ್ಲಿ. ಈಗೀಗ ತುಂಬ ನಿಧಾನವಾಗಿ ಎಣಿಸುತ್ತೇನೆ.

ನಮ್ಮ ಮಾತು ಅರ್ಧ ಅರಬಿ, ಅರ್ಧ ಹಿಂದಿ, ಉಳಿದದ್ದು ಕೈಸನ್ನೆ. ಇಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ.

ಇವತ್ತು ಅವಳ ಅಮ್ಮನ ಎರಡು ವಾಯ್ಸ್ ಮೆಸೇಜ್, ಒಂದು ಫೋಟೋ. ಅಮ್ಮನ ಹತ್ತಿರವೂ ಫೋನ್ ಇಲ್ಲ. ಪಕ್ಕದ ಮನೆಯವನ ಫೋನಿನಲ್ಲಿ ಮಾತಾಡುತ್ತಾಳೆ. ಅವನ ಹೆಸರು ಪರ್ನೊ. ಮಾತಾಡುವುದು ಅಮ್ಮ, ಸ್ಕ್ರೀನಿನಲ್ಲಿ ಬರುವುದು ಅವನ ಮುಖ — ಬೈಕಿನ ಮೇಲೆ ಕೂತು ಹಲ್ಲು ಬಿಟ್ಟ ಮುಖ. ಫೋಟೋದಲ್ಲಿಯೂ ಅವನೇ. ಮೊಣಕಾಲವರೆಗೆ ಕೆಸರು. ಹಿಂದೆ ಮೆಟ್ಟಿಲು ಮೆಟ್ಟಿಲು ಗದ್ದೆ.

ನಾನು ಹೊನ್ನಾವರದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಕೆಸರು ಬೇಡವೆಂದು ಓಡಿ ಬಂದವನು. ಕೆಸರಲ್ಲಿ ನಿಂತವನ ಮೇಲೆ ಯಾಕೆ ಹೊಟ್ಟೆ ಉರಿಯಬೇಕು... ಉರಿಯಿತು.

6 ನವೆಂಬರ್, ಗುರುವಾರ

ಇವತ್ತು ಮೇಡಂ ಮಾಲ್‌ಗೆ ಹೋಗಿದ್ದರು. ಹತ್ತು ನಿಮಿಷ ಸಿಕ್ಕಿತು.

ಅವಳ ಊರಿನಲ್ಲಿ ಐವತ್ತು ಮನೆ. ಪೊನೊರೊಗೊ ಎಂಬ ಪೇಟೆಯಿಂದ ಬೈಕಿನಲ್ಲಿ ಎರಡು ಗಂಟೆ ಒಳಗೆ. ಸಮುದ್ರವನ್ನು ಮೊದಲು ನೋಡಿದ್ದೇ ವಿಮಾನದಿಂದ. ಮಳೆಗಾಲದಲ್ಲಿ ಭತ್ತ, ಆಮೇಲೆ ಜೋಳ, ಮರಗೆಣಸು. ಹಿತ್ತಲಿನಲ್ಲಿ ಆಡು. ಅಡುಗೆಕೋಣೆಗೆ ಬಿದಿರು ಹೆಣೆದ ಗೋಡೆ. ಪ್ರತಿ ಮನೆಯ ಬಾಗಿಲಲ್ಲಿ ಒಂದು ಸಣ್ಣ ಡಬ್ಬಿ ತೂಗುತ್ತದೆ. ದಿನಾ ಒಂದು ಚಮಚ ಅಕ್ಕಿ ಹಾಕಿಡಬೇಕು. ಊರ ಕಾವಲಿನವರು ಸುತ್ತು ಬರುವಾಗ ಅದನ್ನು ಒಟ್ಟು ಮಾಡುತ್ತಾರೆ. ಯಾರಿಗೆ ಕಷ್ಟವೋ ಅವರಿಗೆ ಹೋಗುತ್ತದೆ.

ಹೋದ ವರ್ಷ ಅವರ ಅಡುಗೆಕೋಣೆಯ ಗೋಡೆ ಬಿದ್ದಾಗ ಹನ್ನೆರಡು ಮಂದಿ ಬಂದು ಒಂದೇ ಬೆಳಿಗ್ಗೆ ಕಟ್ಟಿದರಂತೆ. ಅಮ್ಮ ಚಹಾ ಕೊಟ್ಟಳು, ಬೇಯಿಸಿದ ಗೆಣಸು ಕೊಟ್ಟಳು. ಖಲಾಸ್.

ನಮ್ಮ ಮನೆಯ ಹಂಚು ಹಾರಿದಾಗ ಪಕ್ಕದವರು ಕಿಟಕಿಯಿಂದ ನೋಡಿದರು.

"ಹನ್ನೆರಡರಲ್ಲಿ ಪರ್ನೊ ಇದ್ದನಾ?" ಕೇಳಿದೆ.

"ಮಾಸ್ ಪರ್ನೊ ಇಲ್ದೆ ಯಾವ್ದೂ ಆಗೋದಿಲ್ಲ."

"ಮಾಸ್ ಅಂದ್ರೆ ಎಂತ?"

"ಅಣ್ಣ."

"ನಿಮ್ಮಲ್ಲಿ ಗಂಡನನ್ನು ಎಂತ ಕರೀತಾರೆ?"

"ಮಾಸ್," ಅಂದಳು. ನಕ್ಕು ಬಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಎರಡು ಅಂಗಿ ಕಡಿಮೆ ಎಣಿಸಿದ್ದೆ. ಸಾಹೇಬರ ಬೈಗುಳ.

13 ನವೆಂಬರ್, ಗುರುವಾರ

ಗದ್ದೆ ಅವಳದೇ. ಇಲ್ಲಿ ನಾಲ್ಕು ವರ್ಷ ದುಡಿದು ಕೊಂಡದ್ದು, ಅವಳ ಹೆಸರಲ್ಲೇ ಇದೆ. ಅಪ್ಪ ಇಲ್ಲ. ಅಮ್ಮನಿಗೆ ಬಗ್ಗಲು ಆಗುವುದಿಲ್ಲ. ನೆಡುವುದು ಪರ್ನೊ, ಜೊತೆಗೆ ನಾಲ್ಕು ಹೆಂಗಸರು. ಯಾರಿಗೂ ಸ್ವಂತ ಗದ್ದೆಯಿಲ್ಲ.

ಅವರ ಪದ್ಧತಿ ಹೀಗೆ. ನೆಡಲು ಕೂಲಿ ಇಲ್ಲ. ಕಳೆ ಕೀಳಲೂ ಕೂಲಿ ಇಲ್ಲ. ಆದರೆ ಯಾರು ನೆಟ್ಟರೋ ಆ ಗದ್ದೆಯನ್ನು ಅವರೇ ಕೊಯ್ಯಬೇಕು, ಬೇರೆಯವರು ಕತ್ತಿ ಹಾಕುವ ಹಾಗಿಲ್ಲ. ಕೊಯ್ದದ್ದರಲ್ಲಿ ಐದರಲ್ಲಿ ಒಂದು ಪಾಲು ಅವರದು. ಆ ಐದು ಮನೆಯವರು ವರ್ಷದಲ್ಲಿ ನಾಲ್ಕು ತಿಂಗಳು ಊಟ ಮಾಡುವುದು ಇವಳ ಗದ್ದೆಯಿಂದ.

"ಪರ್ನೊಗೆ ಮದುವೆ ಆಗಿದ್ಯಾ?"

"ಇಲ್ಲ. ಗದ್ದೆ ಇಲ್ದವನಿಗೆ ಯಾರು ಕೊಡ್ತಾರೆ?"

ಗದ್ದೆ ಇರುವ ಹುಡುಗಿ ಪಕ್ಕದ ಮನೆಯಲ್ಲೇ ಇದ್ದಾಳಲ್ಲ. ಅವನೇನು ಕುರುಡನಾ?

20 ನವೆಂಬರ್, ಗುರುವಾರ. ಸಂಜೆ

ಇಗ್ನೇಶಿಯಸ್ ನನ್ನ ಫೋನ್ ತೆಗೆದು ನೋಡಿದ. ನಮ್ಮ ರೂಮಿನಲ್ಲಿ ನನ್ನ ಮೇಲಿನ ಬೆಡ್‌ನವನು, ಆಸ್ಪತ್ರೆಯಲ್ಲಿ ವಾರ್ಡ್‌ಬಾಯ್. ವಯಸ್ಸು ನಲವತ್ತು, ಬಾಯಿ ಹದಿನೆಂಟು.

"ಎಂತ ಮಾರಾಯ ಇದು? ಬರೀ ಗದ್ದೆ, ಆಡು, ಕೋಳಿ. ಗದ್ದೆ ನೋಡ್ಲಿಕ್ಕೆ ಅಬುಧಾಬಿಗೆ ಬರ್ಬೇಕಿತ್ತಾ ನೀನು?"

"ಕೊಡು ಇಲ್ಲಿ."

"ಈ ಬೈಕಿನವ ಯಾರು? ಚಂದ ಇದ್ದಾನೆ ಮಾತ್ರ."

ಫೋನ್ ಕಿತ್ತುಕೊಂಡೆ.

"ಲಿಡ್ವಿನ್, ಬರ್ ದುಬೈಲಿ ಸೆಕೆಂಡ್‌ಹ್ಯಾಂಡ್ ಫೋನ್ ಸಿಗ್ತದೆ. ಒಂದು ತಂದ್ಕೊಡು ಅವಳಿಗೆ. ಬಟ್ಟೆಯೊಳಗೆ ಅಡಗಿಸಿ ಕೊಟ್ರೆ ಆಯ್ತು. ಪುಣ್ಯ ಬರ್ತದೆ."

ಗೊತ್ತು. ಎರಡು ತಿಂಗಳಿಂದ ಗೊತ್ತು. ಆದರೆ ಫೋನ್ ಕೊಟ್ಟರೆ ಅವಳು ಬಾಗಿಲಿಗೆ ಯಾಕೆ ಬರುತ್ತಾಳೆ? ಅವನ ಜೊತೆ ದಿನವಿಡೀ ಮಾತಾಡುತ್ತಾಳೆ.

"ಮೇಡಂ ಹಿಡೀತಾರೆ," ಅಂದೆ.

"ಹೂಂ, ಮೇಡಂ," ಅಂದ ಇಗ್ನೇಶಿಯಸ್. ಅವನ ನಗು ನನಗೆ ಇಷ್ಟವಾಗಲಿಲ್ಲ.

27 ನವೆಂಬರ್, ಗುರುವಾರ. ಮಧ್ಯಾಹ್ನ 3. ವ್ಯಾನಿನಲ್ಲಿ

ಮುಂದಿನ ಡೆಲಿವರಿಗೆ ಇನ್ನೂ ಹೋಗಿಲ್ಲ. ಬರೆದರೆ ಸರಿಹೋಗಬಹುದು.

ಅವಳ ಅಮ್ಮನ ಮೆಸೇಜ್ ಬಂದಿತ್ತು. ಸಸಿ ಇಪ್ಪತ್ತು ದಿನದ್ದಾಗಿದೆ, ಒಂದು ವಾರದೊಳಗೆ ನೆಡಬೇಕು. ಈ ಸಲ ಅವಳ ಮಾವ ತಕರಾರು ತೆಗೆದಿದ್ದಾನೆ. ಪೇಟೆಯ ಒಬ್ಬ ಕಾಂಟ್ರಾಕ್ಟರ್ ತನ್ನ ಜನ ತಂದು ನೆಡಿಸಿ, ಬೆಳೆ ನಿಂತಿರುವಾಗಲೇ ಕೊಂಡು ಕೊಯ್ದುಕೊಂಡು ಹೋಗುತ್ತಾನಂತೆ. ಪರ್ನೊನೋ, ಕಾಂಟ್ರಾಕ್ಟರೋ? ಗದ್ದೆ ನಿನ್ನದು, ನಿನ್ನ ಬಾಯಿಂದಲೇ ಬರಲಿ ಅಂತ ಅಮ್ಮ ಕೇಳಿದ್ದಾಳೆ.

ವಾರ್ಸಿನಿ ಯೋಚಿಸಲೇ ಇಲ್ಲ. ಮೈಕ್ ಒತ್ತಿ ಹೇಳಿದಳು. ಹದಿನಾಲ್ಕು ಸೆಕೆಂಡ್. ಕೊನೆಗೆ ಏನೋ ಮೆಲ್ಲಗೆ ಹೇಳಿ ನಕ್ಕಳು. ನನ್ನ ಹತ್ತಿರ ಆ ನಗು ನಕ್ಕದ್ದಿಲ್ಲ.

"ಎಂತ ಹೇಳ್ದೆ?"

"ಮಾಸ್ ಪರ್ನೊನೇ ನೆಡ್ಲಿ ಅಂದೆ."

"ಕೊನೆಗೆ ನಕ್ಕದ್ದು?"

"ಅದು ಅವನಿಗೆ."

ಫೋನ್ ಕೊಡುವ ಮೊದಲೇ ಫ್ಲೈಟ್ ಮೋಡ್‌ಗೆ ಹಾಕಿದ್ದೆ. ಯಾಕೆ ಹಾಕಿದೆ ಅಂತ ಆಗ ಕೇಳಿದ್ದರೆ ನನಗೇ ಗೊತ್ತಿರಲಿಲ್ಲ. ಮೆಸೇಜ್ ಹೋಗದೆ ಗಡಿಯಾರದ ಗುರುತು ತೋರಿಸುತ್ತಾ ನಿಂತಿತ್ತು. ರಸ್ತೆ ತಿರುಗಿ, ಪಾರ್ಕ್ ಮಾಡಿ, ಡಿಲೀಟ್ ಮಾಡಿದೆ.

ಆಮೇಲೆ ಪರ್ನೊನನ್ನು ಬ್ಲಾಕ್ ಮಾಡಿದೆ.

ಒಂದು ವಾರ ಮಾತ್ರ. ಕಾಯಲಿ ಸ್ವಲ್ಪ. ಅವಳ ಉತ್ತರ ಬರದಿದ್ದರೆ ಹೇಗಿರುತ್ತದೆ ಅಂತ ಅವನಿಗೂ ಗೊತ್ತಾಗಲಿ.

1 ಡಿಸೆಂಬರ್, ಸೋಮವಾರ

"ಉತ್ತರ ಬಂತಾ?"

"ಮಾಫಿ. ನಿಮ್ಮೂರಲ್ಲಿ ಮಳೆ ಇರ್ಬೇಕು. ನೆಟ್‌ವರ್ಕ್ ಇಲ್ಲ."

ಅರಬಿಯಲ್ಲಿ ಮಾಫಿ ಅಂದರೆ ಇಲ್ಲ. ನಂಬಿದಳು. ಅವರ ಊರಲ್ಲಿ ಮಳೆ ಬಂದರೆ ಟವರ್ ಬೀಳುವುದು ಹೌದಂತೆ. ಸುಳ್ಳಿಗೆ ಕಾರಣವನ್ನು ಅವಳೇ ಕೊಟ್ಟಳು.

4 ಡಿಸೆಂಬರ್

ಮಾಫಿ ಅಂದೆ.

8 ಡಿಸೆಂಬರ್

ಮಾಫಿ. ಇವತ್ತು ನಾನು ಎಣಿಸಿ ಮುಗಿಸುವವರೆಗೂ ಸುಮ್ಮನೆ ನಿಂತಿದ್ದಳು. ಫೋನ್ ಇಲ್ಲದೆ. ನನ್ನ ಜೊತೆ. ಇದೇ ಬೇಕಿತ್ತಲ್ಲ ನನಗೆ... ಒಂದು ಮಾತೂ ಆಡಲಿಲ್ಲ.

11 ಡಿಸೆಂಬರ್

ಅನ್‌ಬ್ಲಾಕ್ ಮಾಡಿದೆ. ಏನೂ ಬರಲಿಲ್ಲ. ಬ್ಲಾಕ್ ಇದ್ದಾಗ ಕಳಿಸಿದ್ದು ಯಾವತ್ತಿಗೂ ಬರುವುದಿಲ್ಲವಂತೆ. ಇಗ್ನೇಶಿಯಸ್ ಹೇಳಿದ.

22 ಡಿಸೆಂಬರ್, ಸೋಮವಾರ

ಹೊಸ ನಂಬರಿನಿಂದ ಮೆಸೇಜ್. ಅವಳ ಅಕ್ಕನ ಮಗಳ ಫೋನ್.

ಅಮ್ಮ ಒಂಬತ್ತು ದಿನ ಕಾದಳಂತೆ. ಪರ್ನೊ ಮೂರು ಸಲ ಮೆಸೇಜ್ ಹಾಕಿದನಂತೆ. ಉತ್ತರ ಬರಲಿಲ್ಲ. ಸಸಿ ಹಳದಿಯಾಗತೊಡಗಿತು. ಕಾಂಟ್ರಾಕ್ಟರ್ ಜನ ಲಾರಿಯಲ್ಲಿ ಬಂದು ಒಂದೇ ದಿನದಲ್ಲಿ ನೆಟ್ಟು ಹೋದರು. ಪರ್ನೊ ಮತ್ತು ಆ ನಾಲ್ಕು ಹೆಂಗಸರು ಬದುವಿನ ಮೇಲೆ ನಿಂತು ನೋಡಿದರು.

ನಾನಂದೆ, "ಉತ್ತರ ಬರ್ಲಿಲ್ಲ ಅಂದ್ರೆ ಇನ್ನೊಂದು ವಾರ ಕಾಯ್ಬೇಕಿತ್ತು. ಇಲ್ಲ ಅಂತ ನೀನು ಹೇಳಿಲ್ಲವಲ್ಲ."

"ನಮ್ಮಲ್ಲಿ ಯಾರೂ ಇಲ್ಲ ಅಂತ ಹೇಳೋದಿಲ್ಲ," ಅಂದಳು. "ಬಾಯಲ್ಲಿ ಇಲ್ಲ ಅಂದ್ರೆ ಮರ್ಯಾದೆ ಅಲ್ಲ. ಸುಮ್ಮನಿದ್ರೆ ಅದೇ ಇಲ್ಲ. ನಾನು ಅವನಿಗೆ ಇಲ್ಲ ಅಂದ ಹಾಗಾಯ್ತು. ಐದು ಮನೆಗೂ."

ಗೊತ್ತಿರಲಿಲ್ಲ. ದೇವರಾಣೆ ನನಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದರೆ ಬಿಡುತ್ತಿದ್ದೆನಾ? ಅದೂ ಗೊತ್ತಿಲ್ಲ.

25 ಡಿಸೆಂಬರ್

ಕ್ರಿಸ್ಮಸ್. ಪೂಜೆಗೆ ಹೋದೆ. ಕನ್ಫೆಶನ್ ಲೈನ್ ಉದ್ದ ಇತ್ತು. ವಾಪಸ್ ಬಂದೆ.

15 ಜನವರಿ 2015, ಗುರುವಾರ

ಅವಳ ಅಪ್ಪ ಸತ್ತು ಸಾವಿರ ದಿನವಾಯಿತು. ಅವರಲ್ಲಿ ಅದು ದೊಡ್ಡ ದಿನ. ಪ್ರತಿ ಮನೆಯಿಂದ ಒಬ್ಬ ಗಂಡಸು ಬಂದು ಚಾಪೆಯ ಮೇಲೆ ಕೂತು ಪ್ರಾರ್ಥನೆ ಮಾಡಬೇಕು, ಹೋಗುವಾಗ ಒಂದು ಬುತ್ತಿ ಒಯ್ಯಬೇಕು. ಅಮ್ಮ ಐವತ್ತು ಬುತ್ತಿ ಕಟ್ಟಿದ್ದಳು.

ಬಂದವರು ಏಳು ಮಂದಿ.

ಫೋಟೋ ಬಂದಿದೆ. ಚಾಪೆಗಳು ಸಾಲಾಗಿ, ಖಾಲಿ. ಮೂಲೆಯಲ್ಲಿ ಬುತ್ತಿಗಳ ರಾಶಿ. ಎರಡು ಬೆರಳಿನಿಂದ ದೊಡ್ಡದು ಮಾಡಿ ಒಂದೊಂದೇ ಮುಖ ನೋಡಿದಳು. ಪರ್ನೊ ಇರಲಿಲ್ಲ.

"ಅರಬ್ಬರ ಊರಿಗೆ ಹೋಗಿ ದೊಡ್ಡವಳಾಗಿದ್ದಾಳೆ, ಊರವರ ಅನ್ನ ಲಾರಿಯವನಿಗೆ ಕೊಟ್ಟಳು, ಹಾಗಂತಾರೆ. ಅಮ್ಮ ನೀರಿಗೆ ಹೋದ್ರೆ ಮಾತಾಡ್ಸೋದಿಲ್ಲ."

ಅತ್ತಳು. ಬಾಗಿಲ ಚೌಕಟ್ಟಿಗೆ ಹಣೆ ಒತ್ತಿ, ಶಬ್ದ ಇಲ್ಲದೆ. ಅಮ್ಮನಿಗಾಗಿ ಅತ್ತಳು. ಅದರಲ್ಲಿ ಸ್ವಲ್ಪ ಅವನಿಗೂ ಇತ್ತು ಅಂತ ನನಗೆ ಅನ್ನಿಸಿತು. ಆಗಲೂ, ಆಗ ಕೂಡ, ನನಗೆ ಮೊದಲು ಬಂದದ್ದು ಹೊಟ್ಟೆಕಿಚ್ಚು. ಪಾಪ ಅಂತ ಅನಿಸಿದ್ದು ವ್ಯಾನ್ ಸ್ಟಾರ್ಟ್ ಮಾಡಿದ ಮೇಲೆ.

2 ಫೆಬ್ರವರಿ, ಸೋಮವಾರ. ಮಧ್ಯಾಹ್ನ

ಬೇಗ ಬರೆದು ಮುಗಿಸುತ್ತೇನೆ.

ಊರಿನಲ್ಲಿ ಮೀಟಿಂಗ್ ಇದೆ. ಪರ್ನೊ ಮೆಸೇಜ್ ಕಳಿಸಲೇ ಇಲ್ಲ, ಸುಳ್ಳ, ಅಂತ ಅವಳ ಮಾವ ಹೇಳಿಕೊಂಡು ತಿರುಗುತ್ತಿದ್ದಾನಂತೆ. ಉಳಿದವರು ಇವಳ ಮೇಲೆ ಹಾಕುತ್ತಾರೆ.

"ನೀನು ಹೇಳು," ಅಂದಳು. "ನಿನ್ನ ಫೋನು, ನೀನೇ ಸಾಕ್ಷಿ. ನಾನು ಮಾತಾಡಿದ್ದೆ, ನೆಟ್‌ವರ್ಕ್ ಇಲ್ದೆ ಹೋಗ್ಲಿಲ್ಲ ಅಂತ ಹೇಳು. ಆಮೇಲೆ ನಾನು ನಮ್ಮ ಭಾಷೆಲಿ ಹೇಳ್ತೇನೆ. ಮೀಟಿಂಗಲ್ಲಿ ಎಲ್ಲರಿಗೂ ಕೇಳಿಸ್ತಾರೆ."

"ಯಾರ ನಂಬರಿಗೆ ಕಳಿಸೋದು?"

"ಮಾಸ್ ಪರ್ನೊಗೆ."

ಮೈಕ್ ಒತ್ತಿ ನನ್ನ ಬಾಯಿಯ ಹತ್ತಿರ ಹಿಡಿದಳು. ಅವಳ ಬೆರಳಿಗೆ ಕ್ಲೋರಾಕ್ಸ್ ಬ್ಲೀಚಿನ ವಾಸನೆ. ನೆಟ್‌ವರ್ಕ್ ಅಂತ ಶುರು ಮಾಡಿದೆ. ಸ್ಕ್ರೀನಿನಲ್ಲಿ ಅವನ ಮುಖ, ಬೈಕು, ಹಲ್ಲು.

ಹೇಳಿಬಿಟ್ಟೆ. ಫ್ಲೈಟ್ ಮೋಡ್, ಡಿಲೀಟ್, ಬ್ಲಾಕ್, ಹದಿನಾಲ್ಕು ದಿನ. ನನ್ನ ಹೆಸರು ಲಿಡ್ವಿನ್, ಇಂಡಿಯಾ, ಲಾಂಡ್ರಿಯವನು, ಮಾಡಿದ್ದು ನಾನು. ಅವಳಿಗೆ ಅರ್ಥವಾಗುವ ಅರಬಿಯಲ್ಲೇ.

ಒಳ್ಳೆಯತನದಿಂದ ಹೇಳಿದ್ದಲ್ಲ. ಯಾರೂ ಓದದ ಪುಸ್ತಕದಲ್ಲಿ ಸುಳ್ಳು ಯಾಕೆ. ಇಲ್ಲಿ ಒಬ್ಬ ಇದ್ದಾನೆ ಅಂತ ಅವನಿಗೆ ಗೊತ್ತಾಗಲಿ ಅನ್ನಿಸಿತು. ನೆಟ್‌ವರ್ಕ್ ಅಂದರೆ ನಾನು ಇಲ್ಲವೇ ಇಲ್ಲ. ಮಾಡಿದ್ದು ನಾನು ಅಂದರೆ, ಇದ್ದೇನೆ.

ಅವಳ ಬೆರಳು ಮೈಕ್ ಬಿಡಲಿಲ್ಲ. ನಾನು ಹೇಳಿದ್ದನ್ನು ಅವರ ಭಾಷೆಯಲ್ಲಿ ಪೂರ್ತಿ ಹೇಳಿದಳು. ನನ್ನ ಹೆಸರು ಎರಡು ಸಲ ಬಂತು. ಧ್ವನಿ ಏರಲಿಲ್ಲ, ಇಳಿಯಲಿಲ್ಲ. ಬೆರಳು ತೆಗೆದಳು. ಒಂದು ಟಿಕ್. ಎರಡು ಟಿಕ್.

ಫೋನಿನ ತುದಿ ಹಿಡಿದು ವಾಪಸ್ ಕೊಟ್ಟಳು.

"ಸೋಫಾ ಕವರ್ ನಾಲ್ಕು," ಅಂದಳು. "ಒಂದರಲ್ಲಿ ಕಾಫಿ ಕಲೆ ಉಂಟು. ನೋಡಿ ತೊಳೀರಿ."

5 ಫೆಬ್ರವರಿ, ಗುರುವಾರ

ಬಟ್ಟೆ ತಂದವನು ಆ ಮನೆಯ ಡ್ರೈವರ್.

9 ಫೆಬ್ರವರಿ

ಡ್ರೈವರ್. ಸೋಫಾ ಕವರ್ ಕೊಟ್ಟೆ. ಕಲೆ ಪೂರ್ತಿ ಹೋಗಿದೆ, ನಾನೇ ಕೈಯಲ್ಲಿ ಉಜ್ಜಿದ್ದು. ಅವನು ನೋಡಲೂ ಇಲ್ಲ.

12 ಫೆಬ್ರವರಿ

ಡ್ರೈವರ್.

18 ಫೆಬ್ರವರಿ, ಬುಧವಾರ. ಸಂಜೆ 5

ಪರ್ನೊನಿಂದ ವಾಯ್ಸ್ ಮೆಸೇಜ್. 0:47.

ಒಂದು ಗಂಟೆಯಿಂದ ಮುಂದೆ ಇಟ್ಟುಕೊಂಡು ಕೂತಿದ್ದೇನೆ. ನನ್ನನ್ನು ಬೈದದ್ದೋ, ಅವಳನ್ನು ಕರೆದದ್ದೋ. ಇಗ್ನೇಶಿಯಸ್ ಮೇಲಿನಿಂದ, "ಬಾಂಬ್ ಅಲ್ಲ ಮಾರಾಯ, ಒತ್ತು," ಅಂದ.

ಒತ್ತಿದೆ. ಅವನ ಧ್ವನಿ ಕೇಳಿದ್ದು ಮೊದಲ ಸಲ. ಮೆತ್ತಗಿದೆ, ಬೈಕಿನ ಮುಖಕ್ಕೆ ಹೊಂದುವುದೇ ಇಲ್ಲ. ವಾರ್ಸಿನಿ ಅನ್ನಲಿಲ್ಲ, ಬರೀ 'ನಿ' ಅಂದ. ಹಿಂದೆ ಅವಳ ಅಮ್ಮ ಏನೋ ಹೇಳುತ್ತಿದ್ದಾಳೆ, ಪಾತ್ರೆಯ ಶಬ್ದ. ಅಂದರೆ ಅವನು ಆ ಅಡುಗೆಕೋಣೆಯಲ್ಲಿ ಕೂತಿದ್ದಾನೆ. ವಾಪಸ್ ಹೋಗಿದ್ದಾನೆ.

0:11ಕ್ಕೆ ನಿಲ್ಲಿಸಿದೆ.

ಡಿಲೀಟ್ ಮಾಡಬಹುದು. ಬಂದದ್ದು ಯಾರಿಗೂ ಗೊತ್ತಿಲ್ಲ. ಹೆಬ್ಬೆಟ್ಟು ಅಲ್ಲಿಗೇ ಹೋಗಿತ್ತು, ಬರೆಯುವುದಕ್ಕೇನು. ಹೊಟ್ಟೆ ಈಗಲೂ ಉರಿಯುತ್ತಿದೆ. ಉರಿಯಲಿ.

ಉಳಿದ ಮೂವತ್ತಾರು ಸೆಕೆಂಡ್ ನಾನು ಕೇಳುವುದಿಲ್ಲ. ನಾಳೆ ಗುರುವಾರ. ಡ್ರೈವರ್ ಬಂದರೂ ಬಟ್ಟೆ ಕೊಡುವುದಿಲ್ಲ, ಅವಳನ್ನೇ ಕರೆ ಅನ್ನುತ್ತೇನೆ. ನನ್ನ ಕೈಯಿಂದ ಫೋನ್ ತೆಗೆದುಕೊಳ್ಳದಿದ್ದರೆ ಮೆಟ್ಟಿಲ ಮೇಲೆ ಇಟ್ಟು, ನಾನು ವ್ಯಾನಿಗೆ ಹೋಗಿ, ಕಿಟಕಿ ಏರಿಸಿ ಕೂರುತ್ತೇನೆ, ಅವಳು ಪೂರ್ತಿ ಕೇಳಿ ಮುಗಿಸುವವರೆಗೆ.