ಬಸ್ಸಿನಲ್ಲಿ ಮುಗಿದ ಸಿನಿಮಾ

ಅವ್ವಾ,

ತೀರಿಹೋದವರು ಪತ್ರ ಓದುವುದಿಲ್ಲ, ಗೊತ್ತು. ಆದರೂ ಹೇಳದೆ ಬಿಡುವವಳಲ್ಲ ನಾನು.

ನನ್ನ ಮೆಚ್ಚಿನ ಸಿನಿಮಾ ಯಾವುದೆಂದು ಮಗಳು ಸುಷ್ಮಿತಾ ಕೇಳಿದಳು. ಹೊಸಪೇಟೆಯ ಟಾಕೀಸಿನಲ್ಲಿ ನಿನ್ನ ಜೊತೆ ಮತ್ತೆ ಮತ್ತೆ ನೋಡಿದ್ದನ್ನೇ ಇವತ್ತು ಮಧ್ಯಾಹ್ನ ಹುಡುಕಿ ಟಿವಿಗೆ ಹಾಕಿದೆ. ಆಗೆಲ್ಲ ಕಮಲಾಪುರದ ಕೊನೇ ಬಸ್ಸಿಗಾಗಿ ಸಿನಿಮಾ ಮುಗಿಯುವ ಮೊದಲೇ ಎದ್ದು ಬರುತ್ತಿದ್ದೆವು. ಉಳಿದ ಕಥೆಯನ್ನು ನೀನು ಬಸ್ಸಿನಲ್ಲಿ ಹೇಳುತ್ತಿದ್ದೆ: ಹೊಡೆಯುವ ಗಂಡನನ್ನು ಬಿಟ್ಟು ನಾಯಕಿ ಮಗಳ ಕೈ ಹಿಡಿದು ಹೊರಟೇಬಿಡುತ್ತಾಳೆ, ತಿರುಗಿಯೂ ನೋಡುವುದಿಲ್ಲ.

ಇವತ್ತು ನೋಡಿದರೆ, ಅವಳು ಗಂಡನ ಕಾಲಿಗೆ ಬೀಳಲು ಬಗ್ಗುತ್ತಿದ್ದಾಳೆ! ಪಟ್ಟನೆ ಟಿವಿ ಆರಿಸಿದೆ.

"ಏ, ಕಡೀಗೆ ಏನಾಗ್ತದ ನೋಡೂಣು, ತಡಿ," ಎಂದರು ನಿನ್ನ ಅಳಿಯ.

"ಬಸ್ಸಿನ ಟೈಮಾತು, ಏಳ್ರಿ," ಎಂದೆ.

ಸುಷ್ಮಿತಾಳಿಗೆ ನಿನ್ನ ಕಥೆಯನ್ನೇ ಹೇಳಿದೆ. ಇನ್ನು ಯಾರು ಕೇಳಿದರೂ ಅದನ್ನೇ ಹೇಳುತ್ತೇನೆ. ನೋಡಬೇಕಾದ ಸಿನಿಮಾ ಅದೇ. ತಪ್ಪಿದ್ದು ಸಿನಿಮಾ ತೆಗೆದವರು, ನೀನಲ್ಲ.

ಆ ಕಥೆ ಹೇಳುವಾಗ ನೀನೂ ನನ್ನ ಕೈ ಗಟ್ಟಿಯಾಗಿ ಹಿಡಿದಿರುತ್ತಿದ್ದೆ. ಬಸ್ಸು ಮಾತ್ರ ಪ್ರತಿ ಸಲವೂ ಅಪ್ಪನ ಮನೆಯ ಕಡೆಗೇ ಹೋಗುತ್ತಿತ್ತು.