ಏಳು ತಿರುವಿನ ಮಂಜು

ಮನೆ, ಅಡುಗೆಮನೆಯ ಮೇಜು
ನವೆಂಬರ್ ೨೨, ಶುಕ್ರವಾರ ಮಧ್ಯಾಹ್ನ

ಬೆಟ್ಟದ ಮೇಲಿನ ಮಹಾರಾಯರಿಗೆ,

ಹೇಗಿದ್ದೀರಿ? ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ತಿದ್ದೀರೋ, ಇಲ್ಲ ಬಾಟಲಿಯನ್ನ ಕಿಟಕಿಯಲ್ಲಿಟ್ಟು ನೋಡ್ತಾ ಕೂತರೆ ತಾನಾಗೇ ವಾಸಿಯಾಗುತ್ತೆ ಅಂತ ಕಾಯ್ತಿದ್ದೀರೋ? ಉಣ್ಣೆಯ ಕಾಲುಚೀಲ ಮೂರು ಜೊತೆ ಕಳಿಸಿದ್ದೆ, ಒಂದನ್ನಾದರೂ ತೊಳೆದಿರಾ? ಬೇಡ, ಹೇಳಬೇಡಿ, ನನಗೆ ಗೊತ್ತು. ನಾವಿಲ್ಲಿ ಚೆನ್ನಾಗಿದ್ದೇವೆ. ಅತ್ತೆ ಗಟ್ಟಿಮುಟ್ಟಾಗಿದ್ದಾರೆ, ಕಿವಿ ಮಾತ್ರ ಇನ್ನೂ ಸ್ವಲ್ಪ ಮಂದವಾಗಿದೆ. ಸಂಜೆ ಆರೂವರೆಗೆ ರೇಡಿಯೋಗೆ ಕಿವಿ ಅಂಟಿಸಿಕೊಂಡು ನಾನು ಓದೋ ಹವಾಮಾನ ಪೂರ್ತಿ ಕೇಳ್ತಾರೆ, ನಾನು ಮನೆಗೆ ಬಂದ ತಕ್ಷಣ "ಅಲ್ಲಿ ಎಷ್ಟು ಮೆತ್ತಗೆ ಮಾತಾಡ್ತೀಯ, ಅದರಲ್ಲಿ ಕಾಲುಭಾಗ ಮನೆಗೂ ತಗೊಂಡು ಬಾರೇ" ಅಂತಾರೆ. ನಿಮ್ಮ ಅಮ್ಮ ತಾನೇ, ಇನ್ನೇನು ಹೇಳ್ತಾರೆ. ನನ್ನ ಗಂಟಲು ಹೇಗಿದೆ ಅಂತ ನೀವು ಕೇಳ್ತೀರಿ. ಇದೆ, ಇರೋ ಜಾಗದಲ್ಲೇ ಇದೆ. ಅದರ ಮಾತು ಆಮೇಲೆ.

ಈ ಸಲ ನೀವು ಹೋಗಿ ಇವತ್ತಿಗೆ ಎಂಬತ್ತನಾಲ್ಕು ದಿನ. ಎಣಿಸಬಾರದು ಅಂದ್ಕೊಂಡರೂ ದಿನಾ ಹಾಳೆಯ ಮೇಲೆ ತಾರೀಕು ಬರೆಯೋದೇ ನನ್ನ ಕೆಲಸ, ಏನು ಮಾಡಲಿ. ಇದರಲ್ಲಿ ಎಂಥ ಅನ್ಯಾಯ ಇದೆ ನೋಡಿ. ನೀವು ದಿನಾ ಸಂಜೆ ನನ್ನ ಧ್ವನಿ ಕೇಳ್ತೀರಿ. ನನಗೆ ನಿಮ್ಮದು ಒಂದು ಕೆಮ್ಮು ಕೂಡ ಕೇಳಲ್ಲ. ಆ ಗುಡ್ಡದ ತುದಿಗೆ ಮೊಬೈಲ್ ಸಿಗಲ್ಲ, ನಿಮ್ಮ ಕೋಣೆಯಲ್ಲಿರೋ ರಸ್ತೆ ಇಲಾಖೆಯ ಫೋನು ಬೆಟ್ಟದ ಬುಡದ ಗೇಟು ಬಿಟ್ಟರೆ ಬೇರೆಲ್ಲಿಗೂ ಹೋಗಲ್ಲ. ನಾನು ಮೈಕಿನ ಮುಂದೆ ಕೂತು ಮಂಜು, ಮಳೆ, ಗಾಳಿ ಅಂತ ಹೇಳ್ತಾ ಹೋಗೋದು, ನೀವು ಅಲ್ಲಿ ಚಹಾ ಲೋಟ ಹಿಡ್ಕೊಂಡು ಹೂಂ ಅನ್ನೋದು. ಹೂಂ ಅಂತೀರೋ ಇಲ್ವೋ, ಅದೂ ಗೊತ್ತಿಲ್ಲ. ಮೊನ್ನೆ ನಿಮ್ಮ ಹಳೇ ಸ್ವೆಟರ್ ಬಿಸಿಲಿಗೆ ಹಾಕೋಣ ಅಂತ ತೆಗೆದೆ. ಬಿಸಿಲೇ ಬರಲಿಲ್ಲ, ನಾನೇ ಹಾಕ್ಕೊಂಡು ಕೂತೆ. ಕೈಯೇ ಕಾಣದಷ್ಟು ಉದ್ದದ ತೋಳು, ಅತ್ತೆ ನೋಡಿ ಬಿದ್ದು ಬಿದ್ದು ನಕ್ಕರು. ನಿಮ್ಮ ನೆನಪು ತುಂಬಾ ಆಗುತ್ತೆ ರೀ. ಸುತ್ತಿಬಳಸಿ ಹೇಳೋಕೆ ನನಗೆ ಬರಲ್ಲ.

ಈಗ ವಿಷಯಕ್ಕೆ ಬರ್ತೀನಿ. ನಾನೊಂದು ತಪ್ಪು ಮಾಡಿದ್ದೀನಿ. ಅರ್ಧ ನಿಮಗೆ ಆಗಲೇ ಗೊತ್ತಾಗಿದೆ, ಮಿಕ್ಕಿದ್ದು ನನ್ನ ಬಾಯಿಂದಲೇ ಕೇಳಿ, ಅಂದರೆ ಕೈಯಿಂದ. ತಪ್ಪು ಒಪ್ಪಿಕೊಳ್ಳೋರು ಮೊದಲಿಂದ ಹೇಳಬೇಕು, ಗೊತ್ತಿರೋದನ್ನೇ ಕೊರೀತಾಳೆ ಅಂತ ಗೊಣಗಬೇಡಿ. ಹವಾಮಾನ ಕಚೇರಿಯವರು ಸಂಜೆ ಐದೂವರೆಗೆ ಫೋನಿನಲ್ಲಿ ಹೇಳ್ತಾರೆ, ನಾನು ಬರ್ಕೊಳ್ತೀನಿ, ತಿರುಗಿ ಓದಿ ಹೇಳ್ತೀನಿ, ಅವರು ಸರಿ ಅಂದ ಮೇಲೆ ಆರೂವರೆಗೆ ರೇಡಿಯೋದಲ್ಲಿ ಓದ್ತೀನಿ. ಮೊದಲು ಕರಾವಳಿ, ಆಮೇಲೆ ಬಯಲು, ಕೊನೆಗೆ ಬೆಟ್ಟದ ರಸ್ತೆ. ಒಂದಕ್ಷರ ಕೂಡಿಸೋ ಹಾಗಿಲ್ಲ, ಒಂದಕ್ಷರ ಕಳೆಯೋ ಹಾಗಿಲ್ಲ. ಬೆಟ್ಟದ ರಸ್ತೆಗೆ ಬರೀ ಮಂಜು ಅಂತ ಓದಿದರೆ ಗಾಡಿಗಳು ದೀಪ ಹಾಕ್ಕೊಂಡು ಹೋಗಬಹುದು. ದಟ್ಟ ಮಂಜು ಅಂತ ಓದಿದರೆ ನೀವು ಮೇಲಿಂದ ಗುಂಡಿ ಒತ್ತಬೇಕು, ಎರಡೂ ಕಡೆ ಬುಡದಲ್ಲಿ ಗೇಟು ಬೀಳಬೇಕು, ರಸ್ತೆ ತೆರೆದಿದೆ ಅಂತ ನಾನು ಮತ್ತೆ ಓದೋ ತನಕ ಒಂದು ಸೈಕಲ್ಲೂ ಹತ್ತಬಾರದು. ಮೇಲೆ ಕೂತ ನಿಮಗೆ ಆಕಾಶ ತೊಳೆದಿಟ್ಟ ಹಾಗೆ ಕಾಣ್ತಿರುತ್ತೆ, ಮಂಜು ಕೂತಿರೋದು ಕೆಳಗಿನ ಏಳು ತಿರುವಿನಲ್ಲಿ. ಹಾಗಾಗಿ ನಿಮಗೆ ನಿಮ್ಮ ಕಣ್ಣಿಗಿಂತ ನನ್ನ ಬಾಯೇ ಗತಿ. ಈ ಬೆಟ್ಟದ ಕೆಲಸಕ್ಕೆ ಸೇರಿದ ಹನ್ನೊಂದು ವರ್ಷದಿಂದ ನಾನು ಓದಿದ್ದನ್ನ ನೀವು ಮಾಡಿದ್ದೀರಿ. ಗಂಡ ಹೆಂಡತಿ ಮಾತು ಕೇಳೋದು ಅಂದರೆ ಹೀಗೆ ಅಂತ ರೇಡಿಯೋ ಸ್ಟೇಷನ್ನಿನವರು ನನ್ನನ್ನ ರೇಗಿಸೋದೂ ಇದಕ್ಕೇ.

ನಿಮ್ಮ ಜಾಗಕ್ಕೆ ಬರೋ ಮನುಷ್ಯ ಗುರುವಾರ ಬೆಳಗಿನ ಬಸ್ಸಿಗೆ ಹತ್ತೋದು, ಅದೇ ಬಸ್ಸು ವಾಪಸ್ ಬರುವಾಗ ನೀವು ಇಳಿದು ಬರೋದು ಅಂತ ತಿಂಗಳ ಹಿಂದೆಯೇ ಗೊತ್ತಾಗಿತ್ತಲ್ಲ. ಬುಧವಾರ ಐದೂವರೆಗೆ ಫೋನು ಬಂತು. ಬೆಟ್ಟದ ರಸ್ತೆ: ಇಂದು ರಾತ್ರಿಯಿಂದ ದಟ್ಟ ಮಂಜು, ಬಿಟ್ಟು ಬಿಟ್ಟು ಮಳೆ, ಮುಂದಿನ ವಾರ ಚಳಿಗಾಳಿ. ಬರ್ಕೊಂಡೆ, ತಿರುಗಿ ಓದಿ ಹೇಳಿದೆ. ಆ ಒಂದು ಗಂಟೆ ಹಾಳೆಯನ್ನ ಎಷ್ಟು ಸಲ ನೋಡಿದೆನೋ. ಮೈಕಿನ ದೀಪ ಕೆಂಪಾಯಿತು. ಕರಾವಳಿ ಓದಿದೆ, ಬಯಲು ಓದಿದೆ. ಬೆಟ್ಟದ ರಸ್ತೆಗೆ ಬಂದಾಗ ಕಣ್ಣ ಮುಂದೆ ನಿಮ್ಮ ಖಾಲಿ ಕುರ್ಚಿ ಬಂದು ಕೂತಿತು. ಉಸಿರು ತಗೊಂಡೆ, ದಟ್ಟ ಅನ್ನೋದನ್ನ ನುಂಗಿದೆ, ಮಂಜು ಅಂದೆ. ಅಷ್ಟೇ ರೀ. ದೀಪ ಆರಿದ ಮೇಲೆ ಹಾಳೆ ಮಡಚಿಟ್ಟೆ. ನಿಜ ಹೇಳ್ತೀನಿ, ಖುಷಿ ಆಗಿತ್ತು. ದಾರಿಯಲ್ಲಿ ನಿಮಗೆ ಇಷ್ಟದ ಸೋಪು ತಗೊಂಡೆ. ಮನೆಗೆ ಬಂದು ನಿಮ್ಮ ದಿಂಬಿನ ಚೀಲ ಬದಲಾಯಿಸಿದೆ. ನಾಳೆ ಬರ್ತಾರೆ ಅಂತ ಅತ್ತೆಗೆ ಮೂರು ಸಲ ಕೂಗಿ ಹೇಳಿದೆ, ಮೂರನೇ ಸಲಕ್ಕೆ ಗಂಟಲು ಕಟ್ಟಿತು. ಗುರುವಾರವೇ ಯಾಕೆ, ನಾಲ್ಕು ದಿನ ತಡವಾದರೆ ಆಕಾಶ ಕಳಚಿ ಬೀಳುತ್ತಾ ಅಂತ ಕೇಳ್ತೀರಿ. ಅದನ್ನ ಕೊನೆಗೆ ಬರೀತೀನಿ. ಈಗಲೇ ಬರೆದರೆ ಮಿಕ್ಕಿದ್ದು ಬರೆಯೋಕೆ ಕೈ ಏಳಲ್ಲ.

ಗುರುವಾರ ಬೆಳಿಗ್ಗೆ ಬಾಗಿಲು ತೆಗೆದರೆ ಎದುರು ಮನೆಯೇ ಇಲ್ಲ, ಅಷ್ಟು ಮಂಜು. ಇಲ್ಲೇ ಹೀಗಿದ್ದರೆ ಏಳು ತಿರುವಿನಲ್ಲಿ ಹೇಗಿರಬೇಕು? ಇದ್ದ ಚಪ್ಪಲಿಯಲ್ಲೇ ಬಸ್ ನಿಲ್ದಾಣಕ್ಕೆ ಓಡಿದೆ. ಬಸ್ಸು ಹೊರಡೋಕೆ ಗುರುಗುಡ್ತಾ ನಿಂತಿತ್ತು, ಸೀಟೆಲ್ಲ ತುಂಬಿತ್ತು. ಮುಂದಿನ ಸೀಟಿನಲ್ಲಿ ಒಬ್ಬ ಹುಡುಗಿ, ತೊಡೆಯ ಮೇಲೆ ಕೂಸು, ಕೂಸಿಗೆ ಹಳದಿ ಟೋಪಿ. ನಿಮ್ಮ ಜಾಗಕ್ಕೆ ಬರೋ ಮನುಷ್ಯ ಕಿಟಕಿಯಿಂದ ಕೈ ಬೀಸಿ "ಅಕ್ಕಾ, ಮಧ್ಯಾಹ್ನಕ್ಕೆ ನಿಮ್ಮವರನ್ನ ಕಳಿಸಿಕೊಡ್ತೀನಿ" ಅಂತ ನಕ್ಕ. ನಿಲ್ಲಿಸಿ ಅಂತ ಬಾಯಿ ತೆಗೆದೆ. ಧ್ವನಿ ಬರಲಿಲ್ಲ ರೀ. ಬರೀ ಗಾಳಿ. ಇನ್ನೊಂದು ಸಲ ಕೂಗಿದೆ, ಮತ್ತೂ ಗಾಳಿ. ಅವನು ಟಾಟಾ ಹೇಳ್ತಿದ್ದಾಳೆ ಅಂದ್ಕೊಂಡಿರಬೇಕು. ಬಸ್ಸು ಹೊರಟುಹೋಯಿತು. ಹತ್ತೊಂಬತ್ತು ವರ್ಷ ನಾಡಿಗೆಲ್ಲ ಕೇಳೋ ಹಾಗೆ ಓದಿದವಳ ಕೈಲಿ ಹತ್ತು ಹೆಜ್ಜೆ ಆಚೆ ಇರೋ ಒಂದು ಬಸ್ಸು ನಿಲ್ಲಿಸೋಕೆ ಆಗಲಿಲ್ಲ. ರಸ್ತೆ ಇಲಾಖೆಯ ಕಚೇರಿಗೆ ಓಡಿದೆ, ಬೀಗ. ಸ್ಟೇಷನ್ನಿಗೆ ಓಡಿದೆ, ಕಾವಲಿನವನು ಬಿಟ್ಟು ಯಾರೂ ಬಂದಿರಲಿಲ್ಲ. ವಾಪಸ್ ಬಂದು ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಕೂತೆ. ಮಳೆ ಹನಿಯೋಕೆ ಶುರುವಾಯಿತು, ಏಳಲಿಲ್ಲ. ಕಣ್ಣು ಮುಚ್ಚಿದರೆ ಆ ಹಳದಿ ಟೋಪಿ. ನೀವು ಬರಲಿ ಅಂತ ನಾನು ಆ ಕೂಸನ್ನ ಮಂಜಿನೊಳಗೆ ಕಳಿಸಿಬಿಟ್ಟೆ ಅಂತ ಒಂದೇ ಯೋಚನೆ. ಅಷ್ಟು ಹೊತ್ತು ನೀವು ಬರೋದು ಬೇಡವೇ ಬೇಡ ಅಂತ ಬೇಡಿಕೊಂಡೆ, ಬೇಜಾರು ಮಾಡ್ಕೋಬೇಡಿ.

ಒಂಬತ್ತೂವರೆಗೆ ಬಸ್ಸು ಬಂತು. ಹೋದ ಹಾಗೇ, ಹತ್ತಿದವರೆಲ್ಲ ಒಳಗೇ ಇದ್ದರು, ಟೋಪಿಯೂ ಇತ್ತು. ನಮ್ಮ ಮೀಸೆ ಡ್ರೈವರ್ ಬೆಂಕಿ ಆಗಿದ್ದ. ಬುಡದಲ್ಲಿ ಗೇಟು ಬಿದ್ದಿದೆ, ನಿನ್ನೆ ಸಂಜೆ ಏಳಕ್ಕೇ ಬಿದ್ದಿದೆಯಂತೆ! ಕಂಬದಲ್ಲಿರೋ ಫೋನು ತೆಗೆದು ಇವನು ನಿಮ್ಮನ್ನ ತರಾಟೆಗೆ ತಗೊಂಡನಂತೆ, ರೇಡಿಯೋದಲ್ಲಿ ಬರೀ ಮಂಜು ಅಂದರಲ್ಲ ಸ್ವಾಮಿ, ಗೇಟು ಯಾಕೆ ಅಂತ. ಅದಕ್ಕೆ ನೀವು ಹೇಳಿದ್ದನ್ನ ಅವನು ನಿಮ್ಮ ಧಾಟಿಯಲ್ಲೇ ಹೇಳಿ ತೋರಿಸಿದ. "ಓದಿದವಳು ನನ್ನ ಹೆಂಡತಿ ಕಣಯ್ಯ. ಮಂಜು ಅನ್ನೋಕೆ ಮುಂಚೆ ಉಸಿರು ತಗೊಂಡಳು. ಬರೀ ಮಂಜಿಗೆ ಅವಳು ಉಸಿರು ತಗೊಳ್ಳಲ್ಲ. ಗಾಡಿ ತಿರುಗಿಸು." ನಿಮಗೆ ತಲೆ ಕೆಟ್ಟಿದೆ ಅಂತ ಮೀಸೆಯ ತೀರ್ಮಾನ. ನಾನು ಅಲ್ಲೇ, ಅಷ್ಟು ಜನರ ಎದುರಿಗೆ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ. ಗುಂಡಿ ಒತ್ತುವಾಗ ನಿಮಗೂ ಗೊತ್ತಿತ್ತಲ್ಲ, ಗೇಟು ಬಿದ್ದರೆ ನೀವೇ ಮೇಲೆ ಉಳೀತೀರಿ ಅಂತ? ನಾನು ಬನ್ನಿ ಅಂತ ಸುಳ್ಳು ಓದಿದೆ. ನೀವು ಅದನ್ನ ಕೇಳಿಸಿಕೊಂಡು, ಬರದೆ ಉಳಿದು ನನ್ನನ್ನ ಕಾಪಾಡಿದಿರಿ. ಇಷ್ಟು ವರ್ಷ ನನ್ನ ಮಾತು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡ್ತಾರೆ ಅಂತ ಊರೆಲ್ಲ ಹೇಳಿಕೊಂಡು ಬಂದಿದ್ದೀನಿ. ಅದನ್ನ ವಾಪಸ್ ತಗೊಂಡಿದ್ದೀನಿ.

ಗುರುವಾರ ಸಂಜೆ, ಧ್ವನಿ ಸ್ವಲ್ಪ ತಿರುಗಿ ಬಂದ ಮೇಲೆ, ಸ್ಟೇಷನ್ನಿನ ಯಜಮಾನರ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಬರೆದು ಕೊಡಿ ಅಂದರು, ಬರೆದು ಕೊಟ್ಟೆ. ಆಮೇಲೆ ಆರೂವರೆಗೆ, ಹಿಂದಿನ ದಿನ ಬೆಟ್ಟದ ರಸ್ತೆಯ ವಿವರ ತಪ್ಪಾಗಿ ಓದಲಾಗಿತ್ತು, ದಟ್ಟ ಮಂಜು ಎಂದಿರಬೇಕಿತ್ತು ಅಂತ ನಾನೇ ತಿದ್ದಿ ಓದಿದೆ. ನೀವು ಕೇಳಿರ್ತೀರಿ. ಗಟ್ಟಿಯಾಗಿ ಕೇಳಿಸಿತಾ? ಈಗ ಹವಾಮಾನ ಕಚೇರಿಯವರ ಪ್ರಕಾರ ಮಂಜು ಮಂಗಳವಾರದ ತನಕ ಏಳಲ್ಲ, ಮಳೆಯೂ ಹೀಗೇ ಹನೀತಾ ಇರುತ್ತೆ. ಮಂಗಳವಾರ ರಾತ್ರಿ ಉತ್ತರದಿಂದ ಚಳಿಗಾಳಿ ಇಳಿದು ಅದನ್ನೆಲ್ಲ ಗುಡಿಸಿಕೊಂಡು ಹೋಗುತ್ತಂತೆ, ಬುಧವಾರ ರಸ್ತೆ ತೆರೆಯಬಹುದು. ಚಳಿ ಬೇಗ ಬರಲಪ್ಪಾ ಅಂತ ಜೀವನದಲ್ಲಿ ಮೊದಲ ಸಲ ಕಾಯ್ತಾ ಇದ್ದೀನಿ. ಈ ಕಾಗದ ಮೀಸೆಯ ಕೈಯಲ್ಲಿ ಕೊಡ್ತೀನಿ. ಅವನು ಮೇಲೆ ಬಂದಾಗ ಕೊಡ್ತಾನೆ, ನೀವು ಅವನದೇ ಬಸ್ಸಿನಲ್ಲಿ ಇಳಿದು ಬರುವಾಗ ಓದ್ತಾ ಇರ್ತೀರಿ. ತಿರುವಿನಲ್ಲಿ ಓದಬೇಡಿ, ನಿಮಗೆ ಹೊಟ್ಟೆ ತೊಳಸುತ್ತೆ.

ಅತ್ತೆ ಆಶೀರ್ವಾದ ಬರಿ ಅಂದರು, ಕಾಲುಚೀಲ ತೊಳಿ ಅಂತಲೂ ಬರಿ ಅಂದರು. ಮೈ ಬೆಚ್ಚಗೆ ಇಟ್ಕೊಳ್ಳಿ.

ನಿಮ್ಮ,
ಒಂದು ಪದ ನುಂಗಿದವಳು

ಮರೆತೆ ಅಂತಲ್ಲ, ಬರೆಯೋಕೆ ಆಗಿರಲಿಲ್ಲ: ಸೋಮವಾರ ಬೆಳಿಗ್ಗೆ ನನ್ನ ಗಂಟಲಿಗೆ ಆಪರೇಷನ್. ಒಳಗೆ ಒಂದು ಗಂಟು ಇದೆ, ಕೆಟ್ಟದ್ದಲ್ಲ ಅಂತ ಪರೀಕ್ಷೆ ಮಾಡಿ ಹೇಳಿದ್ದಾರೆ, ಹೆದರಬೇಡಿ. ಆ ಡಾಕ್ಟರಮ್ಮ ಎರಡು ತಿಂಗಳಿಗೊಮ್ಮೆ ಬರೋದು, ಮುಂದೂಡೋ ಹಾಗಿಲ್ಲ. ಮೂರು ವಾರ ಪಿಸುಮಾತೂ ಕೂಡದು, ಆಮೇಲೆ ಬರೋ ಧ್ವನಿ ಇದೇ ಆಗಿರುತ್ತೆ ಅಂತ ಮಾತು ಕೊಡೋಕಾಗಲ್ಲ ಅಂದರು. ಗುರುವಾರ ನೀವು ಬಂದಿದ್ದರೆ ಈ ಧ್ವನಿಯಲ್ಲಿ ನಿಮ್ಮ ಹತ್ತಿರ ನಾಲ್ಕು ದಿನ ಮಾತಾಡಬಹುದು ಅಂತ ಆಸೆ ಇತ್ತು, ಅಷ್ಟೇ. ಭಾನುವಾರ ಸಂಜೆ ಆರೂವರೆಗೆ ನಾನು ಓದೋದು ಈ ಧ್ವನಿಯ ಕೊನೇ ಓದು. ನೀವು ಈ ಕಾಗದ ಬಿಡಿಸೋ ಹೊತ್ತಿಗೆ ಅದನ್ನ ಕೇಳಿ ಮೂರು ದಿನ ಆಗಿರುತ್ತೆ, ಚಹಾ ಲೋಟ ಹಿಡ್ಕೊಂಡು, ಏನೂ ಗೊತ್ತಿಲ್ಲದೆ. ಬೆಟ್ಟದ ರಸ್ತೆಗೆ ಮುಂಚೆ ಒಂದು ಉಸಿರು ತಗೊಂಡಿರ್ತೀನಿ, ಅದು ನಿಮಗೆ. ಬುಧವಾರ ಬಾಗಿಲು ತೆಗೆದವಳು ತುಟಿ ಬಿಚ್ಚದಿದ್ದರೆ ಕೋಪ ಅಂದ್ಕೋಬೇಡಿ. ಎಂಬತ್ತೊಂಬತ್ತು ದಿನ ಬರೀ ನಾನೇ ಮಾತಾಡಿದ್ದೀನಿ. ಒಳಗೆ ಬಂದು ನೀವೇ ಶುರು ಮಾಡಿ.